ಟಿಬಿ ಪೇಷಂಟ್ ಮನಿ ಮಂದಿಗೂ ಬ್ಯಾಳಿ ಮುಟ್ಟಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ಟಿಬಿ ಆದವ್ರಿಗೆ ಕಫ ಟೆಸ್ಟ್ ಫ್ರೀ ಐತಿ, ಗುಳಿಗಿನೂ ಫ್ರೀ ಅದಾವು, ಇದು ಈಗ ಎಲ್ಲಾರ್ಗೂ ಗೊತ್ತು. ಆದ್ರ ಅದ ಮನ್ಯಾಗ ಇರೋ ಹೆಂಡ್ತಿ, ಮಕ್ಳು, ವಯಸ್ಸಾದೋರು ಏನ್ ಉಣ್ತಾರ ಅಂತ ಯಾರೂ ಕೇಳಂಗಿಲ್ಲ, ಅದಕ್ಕ ಈ ಪತ್ರ.

ನಮ್ಮ ಮಂಗಳೂರಿನ ಯೇನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಅವ್ರು ಜಾರ್ಖಂಡ್‌ನಾಗ 'ರೇಷನ್ಸ್' ಅಂತ ಒಂದು ಅಧ್ಯಯನ ಮಾಡಿದ್ರು, 2023ರ ಆಗಸ್ಟ್‌ನಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕ್ಯಾಗ ಬಂತು. 2,800 ಪೇಷಂಟ್, ಅವ್ರ ಮನ್ಯಾಗಿನ 10,345 ಮಂದಿ. ಪೇಷಂಟ್‌ಗಳಿಗೆ ಎಲ್ಲಾರ್ಗೂ ಆಹಾರದ ಕಿಟ್ ಕೊಟ್ರು, ಆದ್ರ ಮನಿ ಮಂದಿಗೆ ಮಾತ್ರ ಅರ್ಧ ಕಡಿ ಕೊಟ್ರು, ಇನ್ನರ್ಧ ಕಡಿ ಕೊಡ್ಲಿಲ್ಲ, ಫರಕ್ ಏನಾಕ್ಕೈತಿ ನೋಡೋಣು ಅಂತ. ಕೊಟ್ಟಿದ್ದಾದ್ರೂ ಏನು, ಒಬ್ಬೊಬ್ಬರಿಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರಿ ಕೆಜಿ ಬ್ಯಾಳಿ, ವಿಟಮಿನ್ ಗುಳಿಗಿ. ಅಷ್ಟಕ್ಕ ಆ ಮನಿಗಳಾಗ ಹೊಸದಾಗಿ ಟಿಬಿ ಬರೋದು 39% ಕಡಿಮಿ ಆತು, ಒಬ್ಬರಿಂದ ಒಬ್ಬರಿಗೆ ಹರಡೋ ಪುಪ್ಪಸದ ಟಿಬಿ ಅಂತೂ 48% ಕಡಿಮಿ! ಪೇಷಂಟ್‌ಗಳದ್ದೂ ಹಂಗ, ಮೊದಲ ಎರಡು ತಿಂಗಳಾಗ 5% ತೂಕ ಏರಿದೋರು, ಅಂದ್ರ 40 ಕೆಜಿ ಇದ್ದೋರು 42 ಆದ್ರ ಸಾಕು, ಅವ್ರಾಗ ಸಾವಿನ ರಿಸ್ಕ್ ಭಾಳ ಕಡಿಮಿ ಇತ್ತು.

ರಾಬರ್ಟ್ ಕಾಕ್ 1882ರಾಗ ಟಿಬಿ ಕ್ರಿಮಿ ಕಂಡ್ಹಿಡಿದ, ಆವಾಗಿಂದ ಕ್ರಿಮಿನ ಕಾರಣ ಅಂತ ನಾವು ಅಷ್ಟಕ್ಕ ನಿಂತೀವಿ. ಆದ್ರ ಕ್ರಿಮಿ ಮೈಯಾಗ ಹೊಕ್ಕ ನೂರು ಮಂದ್ಯಾಗ ಜೀವಮಾನದಾಗ ರೋಗ ಬೀಳೋದು ಐದರಿಂದ ಹತ್ತು ಮಂದಿಗೆ ಅಷ್ಟ. ಉಳಿದೋರ ಮೈ ಅದನ್ನ ಒತ್ತಿ ಹಿಡಿದಿರ್ತೈತಿ, ಊಟ ಸಾಲದ ಮೈ ಸೊರಗಿತು ಅಂದ್ರ ಆ ಹಿಡಿತ ಸಡಿಲ ಆಕ್ಕೈತಿ. ಮನಿ ಮಂದಿಗೆ ಟಿಬಿ ಬರದಂಗ ವಾರಕ್ಕೊಮ್ಮೆ ಹನ್ನೆರಡು ವಾರ ಕೊಡೋ ಗುಳಿಗಿನೂ ಈಗ ಐತಿ, ತಪ್ಪದ ತಗೋಬೇಕು, ಅದರ ಜೊತಿಗೆ ಬ್ಯಾಳಿನೂ ಬೇಕು.

ಸರ್ಕಾರ ಟಿಬಿ ಪೇಷಂಟ್ ಊಟಕ್ಕಂತ ತಿಂಗಳಾ ಕೊಡೋ ನಿಕ್ಷಯ್ ಪೋಷಣ್ ರೊಕ್ಕ 500 ಇದ್ದಿದ್ದನ್ನ 2024ರ ನವೆಂಬರ್‌ನಿಂದ 1,000 ರೂಪಾಯಿ ಮಾಡೈತಿ, ಚಲೋ ಆತು. ಆದ್ರ ಅದು ಪೇಷಂಟ್ ಒಬ್ಬರ ಹೆಸರಿಗೆ ಬರೋದು, ದುಡಿಯೋ ಮನುಷ್ಯಾನ ಹಾಸಿಗಿ ಹಿಡದ ಮನ್ಯಾಗ ಆ ಸಾವಿರ ಬಾಡಿಗಿಗೆ ಹೋಗ್ತೈತೋ ಸಂತಿಗೆ ಹೋಗ್ತೈತೋ ಹೇಳಾಕ ಬರಂಗಿಲ್ಲ. ಬ್ಯಾಳಿನ ಮನಿ ಬಾಗಲಿಗೆ ಬಂದ್ರ ಅದು ಒಲಿ ಮ್ಯಾಲೆ ಏರ್ತೈತಿ.

ಈಗ 'ನಿಕ್ಷಯ್ ಮಿತ್ರ', ಅಂದ್ರ ಟಿಬಿ ಪೇಷಂಟ್‌ಗೆ ಆಹಾರದ ಕಿಟ್ ಕೊಡೋ ದಾನಿ, ಆದೋರು ಪೇಷಂಟ್‌ಗೆ ಅಷ್ಟ ಅಲ್ಲ, ಮನಿ ಮಂದಿಗೂ ಕಿಟ್ ಕೊಡಬಹುದು, ಆ ಅವಕಾಶ ಕೊಟ್ಟಾರ. ಹಂಗಿದ್ಮ್ಯಾಲೆ ಹೆಸರು, ಕಡ್ಲಿ, ಶೇಂಗಾ ಬೆಳೆಯೋ ಗದಗ ಜಿಲ್ಲಾದಾಗ, ಅಮರಗೋಳ ಎಪಿಎಂಸಿ ಇರೋ ಹುಬ್ಬಳ್ಳ್ಯಾಗ, ಬ್ಯಾಡಗಿ ಮೆಣಸಿನಕಾಯಿ ಪೇಟಿ ಇರೋ ಹಾವೇರಿ ಜಿಲ್ಲಾದಾಗ ಇದು ಯಾಕ ಆಗಬಾರದು? ಮಠಗಳಾಗ ದಿನಾ ದಾಸೋಹ ನಡಸೋ ಊರ್ರಿ ಇವು. ವ್ಯಾಪಾರಸ್ಥರು, ಮಠದವ್ರು ಒಂದೊಂದು ಟಿಬಿ ಯೂನಿಟ್ (ತಾಲೂಕು ಮಟ್ಟದಾಗ ಟಿಬಿ ಕೆಲಸ ನೋಡೋ ಸರ್ಕಾರಿ ಘಟಕ) ಹಿಡ್ಕೊಂಡು ಆರು ತಿಂಗಳು ಮನಿ ಮಂದಿ ಎಲ್ಲಾರ ಲೆಕ್ಕಕ್ಕ ಬ್ಯಾಳಿ, ಶೇಂಗಾ ಕೊಡ್ಲಿ. ಆದ್ರ ಕೊಡುವಾಗ ಫೋಟೋ ತಗೀಬ್ಯಾಡ್ರಿ, ಟಿಬಿ ಅಂತ ಗೊತ್ತಾದ್ರ ಬಾಡಿಗಿ ಮನಿ ಬಿಡಸೋ ಮಂದಿ ಇನ್ನೂ ಅದಾರ.

ನಿಮ್ಮ ಪೇಪರ್‌ನಾಗ ನಿಕ್ಷಯ್ ಮಿತ್ರ ಆಗೋದು ಹೆಂಗ, ಯಾವ ತಾಲೂಕಿನಾಗ ಯಾರನ್ನ ಕೇಳಬೇಕು ಅಂತ ಒಂದು ಮೂಲ್ಯಾಗ ವಾರಕ್ಕೊಮ್ಮೆ ಹಾಕ್ರಿ, ಇದು ನನ್ನ ಕಳಕಳಿ ವಿನಂತಿ.

– ಓದುಗರೊಬ್ಬರು, ಬೆಟಗೇರಿ, ಗದಗ