ಕಾಡಿನ ಹಾದಿಗೆ ಬೀಗ ಹಾಕುವ ಮುನ್ನ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರೇ,

ಸಾರ್ವಜನಿಕ ಅರಣ್ಯದೊಳಗೆ ಬೈಕು, ಜೀಪು ಓಡಾಡುವ ಹಾದಿಗಳು ಒಂದರ ಹಿಂದೊಂದರಂತೆ ಮುಚ್ಚುತ್ತಿವೆ. ನಾನು ಆ ಹಾದಿಗಳಲ್ಲಿ ಆಫ್‌ರೋಡ್ ಬೈಕು ಓಡಿಸುವವನು. ಹಾಗೆಂದ ಕೂಡಲೇ, ಇವನು ಎಲ್ಲ ಗೇಟುಗಳನ್ನೂ ತೆರೆಸಲು ಬಂದವನು ಎಂದು ತಾವು ತಿಳಿಯಬಾರದು. ಮುಚ್ಚಲೇಬೇಕಾದ ಹಾದಿಗಳಿವೆ. ಕೆಲವನ್ನು ವರ್ಷಗಳ ಹಿಂದೆಯೇ ಮುಚ್ಚಬೇಕಿತ್ತು. ನನ್ನ ತಕರಾರಿರುವುದು ಮುಚ್ಚುವ ರೀತಿಯ ಬಗ್ಗೆ. ಯಾಕೆ ಮುಚ್ಚಿದ್ದು, ಎಲ್ಲಿಂದ ಎಲ್ಲಿಯವರೆಗೆ, ಏನೇನು ಸರಿಹೋದರೆ ಮತ್ತೆ ತೆರೆಯುತ್ತದೆ ಎಂಬ ಮೂರನ್ನೂ ಹೇಳದ ಆದೇಶದಿಂದ ಕಾಡು ಉಳಿಯುವುದಿಲ್ಲ. ಹಾನಿ ಪಕ್ಕದ ಗುಡ್ಡಕ್ಕೆ ದಾಟುತ್ತದೆ, ಅಷ್ಟೆ.

ನಾನು ಓಡಾಡುತ್ತಿದ್ದ ಒಂದು ಹಾದಿಯ ಬಾಯಿಗೆ ಈಗ ಕಬ್ಬಿಣದ ಗೇಟು ಬಂದಿದೆ. ಸರಪಳಿ, ಬೀಗ, ಪಕ್ಕದಲ್ಲೊಂದು ತಗಡಿನ ಫಲಕ: 'ಮುಂದಿನ ಆದೇಶದವರೆಗೆ ವಾಹನ ಪ್ರವೇಶ ನಿಷೇಧಿಸಲಾಗಿದೆ.' ದಿನಾಂಕವಿಲ್ಲ, ಆದೇಶದ ಸಂಖ್ಯೆಯಿಲ್ಲ. ಕಚೇರಿಯಲ್ಲಿ ವಿಚಾರಿಸಿದರೆ 'ಮೇಲಿಂದ ಬಂದಿದೆ' ಎಂಬ ಉತ್ತರ. ಆದರೆ ತಾವು ಅಲ್ಲಿಗೆ ಹೋದರೆ ನೋಡಬೇಕಾದದ್ದು ಗೇಟನ್ನಲ್ಲ, ಅದರ ಎಡಬದಿಯನ್ನು. ಗೇಟಿನ ಕಂಬಕ್ಕೂ ಮರಕ್ಕೂ ನಡುವೆ ಒಂದು ಬೈಕು ತೂರುವಷ್ಟು ಸಂದಿಯಿದೆ. ಅಲ್ಲಿ ಹೊಸ ಜಾಡು ಬಿದ್ದಿದೆ. ಪೊದೆಗಳು ಮುರಿದಿವೆ, ಮರದ ಬೇರಿನ ತೊಗಟೆ ಟೈರಿನ ಹಲ್ಲಿಗೆ ಸಿಕ್ಕಿ ಸುಲಿದಿದೆ. ಆ ಜಾಡು ಹಳೆಯ ಹಾದಿಯನ್ನು ಸೇರುವುದೂ ಇಲ್ಲ. ಯಾರ ಕಣ್ಣಿಗೂ ಬೀಳದಂತೆ ನೇರವಾಗಿ ತೊರೆಯತ್ತ ಇಳಿಯುತ್ತದೆ. ಮುಂಚೆ ಆ ಇಳಿಜಾರಿನಲ್ಲಿ ಒಂದು ಚಕ್ರವೂ ಉರುಳಿರಲಿಲ್ಲ. ಹಾಗೆ ನುಸುಳುವವರ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ. ಅವರಿಗೆ ದಂಡ ಬೀಳಲಿ, ಗಾಡಿ ಜಪ್ತಿಯಾಗಲಿ. ಆದರೆ ಗೇಟು ಹಾಕಿದ ಇಲಾಖೆ, ಗೇಟು ಹಾಕಿದ ಮೇಲೆ ಅಲ್ಲಿ ಏನಾಯಿತು ಎಂದು ಹೋಗಿ ನೋಡಿದೆಯೇ?

ಇದನ್ನು ಕೇಳುವುದಕ್ಕೆ ಕಾರಣವಿದೆ. ಕಾಡಿನ ಮೇಲ್ಮಣ್ಣಿನಲ್ಲಿ ಸುಮಾರು ಅರ್ಧದಷ್ಟು ಜಾಗ ಗಾಳಿಯೂ ನೀರೂ ತುಂಬಿಕೊಂಡ ಸಣ್ಣ ಸಣ್ಣ ಸಂದುಗಳದ್ದು. ವಾಹನದ ಭಾರಕ್ಕೆ ಆ ಸಂದುಗಳು ಅಮುಕಿಹೋಗುತ್ತವೆ. ಆಮೇಲೆ ಮಳೆನೀರು ಇಂಗುವುದಿಲ್ಲ, ಚಕ್ರದ ಜಾಡನ್ನೇ ಕಾಲುವೆ ಮಾಡಿಕೊಂಡು ಮಣ್ಣನ್ನೂ ಹೊತ್ತುಕೊಂಡು ಹರಿಯುತ್ತದೆ. ಈ ಹಾನಿಯ ದೊಡ್ಡ ಪಾಲು ಮೊದಲ ಕೆಲವೇ ಓಡಾಟಗಳಲ್ಲಿ ಆಗಿಬಿಡುತ್ತದೆ. ಆಗಲೇ ಗಟ್ಟಿಯಾಗಿರುವ, ನೀರು ಹೊರಹೋಗಲು ದಾರಿಯಿರುವ ಹಾದಿಯಲ್ಲಿ ಇನ್ನಷ್ಟು ಬೈಕುಗಳು ಓಡಿದರೆ ಹೆಚ್ಚುವ ಹಾನಿ ಅಲ್ಪ. ಯಾರೂ ತುಳಿಯದ ಇಳಿಜಾರಿನ ಮೇಲೆ ಹತ್ತಾರು ಬೈಕು ಒಂದೇ ದಿನ ಇಳಿದರೂ ಸಾಕು, ಅಲ್ಲಿ ಕೊರಕಲು ಶುರುವಾಯಿತೆಂದೇ ಲೆಕ್ಕ. ಒಮ್ಮೆ ಗಟ್ಟಿಯಾದ ನೆಲ ಹಿಂದಿನಂತಾಗಲು ಎಷ್ಟು ಕಾಲ ಬೇಕೆಂಬುದಕ್ಕೆ ಅಮೆರಿಕದ ಮೊಹಾವಿ ಮರುಭೂಮಿಯನ್ನು ನೋಡಬಹುದು. 1942ರಿಂದ 1944ರವರೆಗೆ ಅಲ್ಲಿ ಸೈನಿಕ ತರಬೇತಿ ನಡೆಯಿತು. ಆಗಿನ ಟ್ಯಾಂಕುಗಳ ಜಾಡು ಇಂದಿಗೂ ಕಾಣುತ್ತದೆ. ಮಳೆಬೀಳುವ ಕಾಡು ಅದಕ್ಕಿಂತ ಬೇಗ ಚೇತರಿಸಿಕೊಂಡೀತು, ನಿಜ. ಆದರೆ ಇಳಿಜಾರಿನಲ್ಲಿ ಕೊಚ್ಚಿಹೋದ ಮಣ್ಣು ಹಿಂದಿರುಗಿ ಬರುವುದಿಲ್ಲ. ಹಾಗಾಗಿ ಸವಾರರನ್ನು ಕಾಡಿನ ತುಂಬ ಚದುರಿಸುವುದಕ್ಕಿಂತ ಕೆಟ್ಟ ನೀತಿ ಇನ್ನೊಂದಿಲ್ಲ. ಕಾರಣ ಹೇಳದೆ ಹಾಕಿದ ಬೀಗ ಮಾಡುತ್ತಿರುವುದು ಅದನ್ನೇ.

ಈ ಕಗ್ಗಂಟು ಹೊಸದಲ್ಲ, ಇದನ್ನು ಬಿಡಿಸಲು ಹೊರಟವರೂ ನಾವೇ ಮೊದಲಲ್ಲ. ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ 1972ರ ಫೆಬ್ರವರಿಯಲ್ಲಿ ಹೊರಡಿಸಿದ ಆದೇಶವೊಂದು ಸಾರ್ವಜನಿಕ ಭೂಮಿಯಲ್ಲಿ ಆಫ್‌ರೋಡ್ ವಾಹನಗಳಿಗೆ ಎಲ್ಲಿ ಅವಕಾಶ, ಎಲ್ಲಿ ಇಲ್ಲ ಎಂದು ಗುರುತಿಸಲು ಹೇಳಿತು. ಮಣ್ಣು, ನೀರು, ಗಿಡಮರಗಳಿಗೆ ಆಗುವ ಹಾನಿ ಕನಿಷ್ಠವಾಗಿರಬೇಕು, ಕಾಡುಪ್ರಾಣಿಗಳಿಗೆ ಕಾಟ ಕೊಡಬಾರದು, ನಡೆದು ಬರುವವರಿಗೂ ಸವಾರರಿಗೂ ಜಟಾಪಟಿ ಬಾರದಂತೆ ನೋಡಿಕೊಳ್ಳಬೇಕು ಎಂಬುದು ಅದರ ತಿರುಳು. 1977ರಲ್ಲಿ ಜಿಮ್ಮಿ ಕಾರ್ಟರ್ ಅದನ್ನು ಬಿಗಿಗೊಳಿಸಿದರು: ಗಂಭೀರ ಹಾನಿ ಕಂಡುಬಂದರೆ ಅಧಿಕಾರಿ ತಕ್ಷಣ ಆ ಜಾಗವನ್ನು ಮುಚ್ಚಬೇಕು. ಎಲ್ಲಿಯವರೆಗೆ ಎಂಬುದನ್ನೂ ಆ ಆದೇಶ ಹೇಳಿತು. ಹಾನಿ ಸರಿಹೋಗುವವರೆಗೆ, ಮತ್ತೆ ಮರುಕಳಿಸದಂತೆ ಕ್ರಮ ಕೈಗೊಳ್ಳುವವರೆಗೆ. ನಾನು ತಮ್ಮಲ್ಲಿ ಬೇಡುತ್ತಿರುವುದು ಆ ಒಂದು ಷರತ್ತನ್ನು. ಮುಚ್ಚಿದ ಹಾದಿಯ ಬಗ್ಗೆ ಇಲಾಖೆಗೂ ಒಂದು ಕೆಲಸ ಉಳಿದಿದೆ ಎಂದು ಅದು ನೆನಪಿಸುತ್ತದೆ. 'ಮುಂದಿನ ಆದೇಶದವರೆಗೆ' ಎಂದು ಬರೆದುಬಿಟ್ಟರೆ ಯಾರಿಗೂ ಯಾವ ಕೆಲಸವೂ ಇಲ್ಲ.

ಅದೇ ದೇಶದ ಅರಣ್ಯ ಇಲಾಖೆ 2005ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿಯವರೆಗೆ ಎಷ್ಟೋ ಅರಣ್ಯಗಳಲ್ಲಿ 'ಮುಚ್ಚಿದೆ' ಎಂಬ ಫಲಕವಿಲ್ಲದ ಜಾಗವೆಲ್ಲ ತೆರೆದದ್ದೇ ಆಗಿತ್ತು. ಹೊಸ ನಿಯಮ ಅದನ್ನು ತಿರುಗಿಸಿತು. ಯಾವ ರಸ್ತೆ, ಯಾವ ಹಾದಿ, ಯಾವ ಬಗೆಯ ವಾಹನಕ್ಕೆ, ವರ್ಷದ ಯಾವ ತಿಂಗಳುಗಳಲ್ಲಿ ಎಂದು ನಕ್ಷೆ ಮಾಡಿ, ಜನರಿಗೆ ಉಚಿತವಾಗಿ ಕೊಡುವುದು. ನಕ್ಷೆಯಲ್ಲಿ ಇಲ್ಲದ ಹಾದಿ ಮುಚ್ಚಿದ ಹಾದಿ. ಫಲಕ ಕಾಣಲಿಲ್ಲ, ಯಾರೋ ಕಿತ್ತುಹಾಕಿದ್ದರು ಎಂಬ ನೆಪ ನಡೆಯುವುದಿಲ್ಲ. ನಕ್ಷೆ ನೋಡಿಕೊಂಡು ಹೋಗುವ ಹೊಣೆ ಸವಾರನದೇ. ಆ ಹೊಣೆ ಹೊರಲು ನಾವು ಸಿದ್ಧ. ನಕ್ಷೆ ಕೊಡಿ.

ಇನ್ನು, ಸವಾರರು ಮನಸ್ಸಿಟ್ಟು ಕೇಳಬೇಕಾದ ಒಂದು ಕತೆ. ಅಮೆರಿಕದ ನಾರ್ತ್ ಕ್ಯಾರೊಲೈನಾದ ನಾಂಟಹಾಲಾ ರಾಷ್ಟ್ರೀಯ ಅರಣ್ಯದಲ್ಲಿ ಟೆಲಿಕೊ ಎಂಬ ಆಫ್‌ರೋಡ್ ಪ್ರದೇಶವಿತ್ತು. ಜೀಪಿನವರಿಗೆ ಅದು ಯಾತ್ರಾಸ್ಥಳದಂತಿತ್ತು. ಹಾದಿಗಳೆಲ್ಲ ಅಧಿಕೃತವೇ. ಆದರೆ ಬಹುಪಾಲು ಹಾದಿಗಳು ಹಳೆಯ ಮರಸಾಗಣೆಯ ಜಾಡುಗಳು, ವಾಹನ ವಿಹಾರಕ್ಕೆಂದು ಲೆಕ್ಕ ಹಾಕಿ ಕಡಿದವಲ್ಲ. ತೀರಾ ಕಡಿದಾದ ಏರು, ತೊರೆಗೆ ತೀರಾ ಹತ್ತಿರ, ವರ್ಷವಿಡೀ ಓಡಾಟ. ನೀರು ಚಕ್ರದ ಜಾಡಿನಲ್ಲೇ ಹರಿದು ಹಾದಿಗಳು ಆಳದ ಕೊರಕಲುಗಳಾದವು. ಕೊಚ್ಚಿದ ಮಣ್ಣು ಟ್ರೌಟ್ ಮೀನುಗಳಿರುವ ತೊರೆಗಳಿಗೆ ಇಳಿಯಿತು. ಈ ಮೀನು ಮೊಟ್ಟೆಯಿಡುವುದು ತೊರೆಯ ತಳದ ಜಲ್ಲಿಕಲ್ಲುಗಳ ನಡುವೆ. ಆ ಸಂದುಗಳಲ್ಲಿ ಹೂಳು ಕೂತರೆ ಮೊಟ್ಟೆಗೆ ಉಸಿರು ಸಿಗುವುದಿಲ್ಲ. 2009ರಲ್ಲಿ ಅರಣ್ಯ ಇಲಾಖೆ ಇಡೀ ಪ್ರದೇಶವನ್ನು ಶಾಶ್ವತವಾಗಿ ಮುಚ್ಚಿತು. ಸವಾರರ ಸಂಘಗಳು ಸಿಟ್ಟಾದವು. ಮೀನಿನ ಪಾಲಿಗೆ ಆ ನಿರ್ಧಾರ ಸರಿಯಾಗಿತ್ತು ಎಂದೇ ನಾನು ಹೇಳುತ್ತೇನೆ. ಆದರೆ ಆ ಸ್ಥಿತಿಗೆ ಬರುವವರೆಗೆ ಹಾದಿಗಳನ್ನು ಬಿಟ್ಟದ್ದು ಯಾಕೆ? ಅತಿ ಕಡಿದಾದ ಕೆಲವನ್ನು ಮುಂಚೆಯೇ ಮುಚ್ಚಿ, ಉಳಿದವನ್ನು ಗುಡ್ಡದ ಅಡ್ಡಕ್ಕೆ ತಿರುಗಿಸಿ, ತೊರೆ ದಾಟುವಲ್ಲಿ ಸೇತುವೆ ಹಾಕಿ, ಹಸಿಗಾಲದಲ್ಲಿ ಬಾಗಿಲು ಹಾಕಿದ್ದರೆ? ವರ್ಷಗಟ್ಟಲೆ ದುರಸ್ತಿ ಮರೆತು ಕೊನೆಗೊಂದು ದಿನ ಎಲ್ಲವನ್ನೂ ಮುಚ್ಚುವುದರಲ್ಲಿ ಕಾಡಿಗೂ ನಷ್ಟ, ಸವಾರನಿಗೂ ನಷ್ಟ.

ಹಾದಿ ಉಳಿಸುವ ಕೆಲಸ ದೊಡ್ಡ ವಿದ್ಯೆಯೇನಲ್ಲ, ಆದರೆ ಬಿಡದೆ ಮಾಡಬೇಕು. ಹಾದಿ ಗುಡ್ಡವನ್ನು ನೇರ ಸೀಳಿಕೊಂಡು ಇಳಿಯಬಾರದು, ಓರೆಯಾಗಿ ಸಾಗಬೇಕು. ಅಲ್ಲಲ್ಲಿ ಸ್ವಲ್ಪ ತಗ್ಗಿಸಿ ಎಬ್ಬಿಸಿ ನೀರನ್ನು ಕೆಳಬದಿಗೆ ಹೊರಹಾಕಬೇಕು. ಕೆಸರುಗುಂಡಿಯನ್ನು ಕಲ್ಲು ಹಾಕಿ ಕೂಡಲೇ ಗಟ್ಟಿ ಮಾಡಬೇಕು. ಇಲ್ಲವಾದರೆ ಮೊದಲು ಬಂದವನು ಗುಂಡಿಯ ಎಡಕ್ಕೆ ಸುತ್ತುತ್ತಾನೆ, ಆಮೇಲೆ ಬಂದವನು ಬಲಕ್ಕೆ. ಒಂದು ಮಳೆಗಾಲದಲ್ಲಿ ಒಂಟಿ ಹಾದಿ ಜಾತ್ರೆಯ ಬಯಲಿನಷ್ಟು ಅಗಲವಾಗುತ್ತದೆ.

ಮುಚ್ಚಲು ಗಟ್ಟಿ ಕಾರಣಗಳಿದ್ದಾಗ ಅದನ್ನು ಹೇಳುವುದಕ್ಕೆ ಹಿಂಜರಿಕೆಯೇಕೆ? ಅಮೆರಿಕದ ಒಹಾಯೊದಲ್ಲಿರುವ ವೇಯ್ನ್ ರಾಷ್ಟ್ರೀಯ ಅರಣ್ಯದ ಆಫ್‌ರೋಡ್ ಹಾದಿಗಳು ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಮುಚ್ಚಿರುತ್ತವೆ, ನೆಲ ಹಸಿಯಾಗಿರುವ ಕಾಲವೆಂಬ ಕಾರಣಕ್ಕೆ. ದಿನಾಂಕ ಎಲ್ಲರಿಗೂ ಮೊದಲೇ ಗೊತ್ತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಜಾರಾ ಎಂಬ ನೀಲಗಿರಿ ಜಾತಿಯ ಮರಗಳ ಕಾಡುಗಳಲ್ಲಿ ಫೈಟಾಪ್ತೊರಾ ಎಂಬ ಸೂಕ್ಷ್ಮಜೀವಿ ಬೇರು ಕೊಳೆಸಿ ಮರಗಿಡಗಳನ್ನು ಒಣಗಿಸುತ್ತದೆ. ಒಮ್ಮೆ ಹೊಕ್ಕ ಮಣ್ಣಿನಿಂದ ಅದನ್ನು ತೊಲಗಿಸುವ ದಾರಿ ಇಲ್ಲ. ಟೈರಿಗೂ ಮಡ್‌ಗಾರ್ಡಿಗೂ ಅಂಟಿದ ಒದ್ದೆ ಮಣ್ಣಿನಲ್ಲಿ ಅದು ಒಂದು ಕಣಿವೆಯಿಂದ ಇನ್ನೊಂದಕ್ಕೆ ಸಾಗುತ್ತದೆ. ಅದಕ್ಕೇ ರೋಗಭೀತಿಯ ಪ್ರದೇಶಗಳಿಗೆ ಪರವಾನಗಿಯಿಲ್ಲದೆ ವಾಹನ ಬಿಡುವುದಿಲ್ಲ. ಗಾಡಿ ತೊಳೆದು ಒಳಗೆ ಹೋಗಬೇಕೆಂಬ ಪದ್ಧತಿಯೂ ಇದೆ. ಈ ಕಾರಣ ತಿಳಿದ ಮೇಲೆ ಗೇಟು ಸುತ್ತಿ ನುಸುಳುವ ಮನಸ್ಸು ಯಾವ ಒಳ್ಳೆಯ ಸವಾರನಿಗೂ ಬರುವುದಿಲ್ಲ. ಹಕ್ಕಿಗಳು ಗೂಡು ಕಟ್ಟುವ ಕಾಲ, ಪ್ರಾಣಿಗಳು ಮರಿ ಹಾಕುವ ಕಾಲ, ಬೆಂಕಿಯ ಕಾಲಕ್ಕೂ ಇದೇ ಮಾತು.

ಬೆಂಕಿಯ ಮಾತು ಬಂದದ್ದರಿಂದ, ನಮ್ಮ ಮೇಲೆ ಹೇರಲೇಬೇಕಾದ ಕಟ್ಟುಪಾಡುಗಳನ್ನು ನಾನೇ ಹೇಳುತ್ತೇನೆ. ಸೈಲೆನ್ಸರಿನಿಂದ ಸಿಡಿಯುವ ಇಂಗಾಲದ ಕಿಡಿ ಒಣಹುಲ್ಲಿಗೆ ಸಾಕು. ಅದನ್ನು ತಡೆಯುವ ಸ್ಪಾರ್ಕ್ ಅರೆಸ್ಟರ್ ಇಲ್ಲದ ಗಾಡಿಯನ್ನು ಕಾಡಿಗೆ ಬಿಡಬೇಡಿ. ಸದ್ದಿಗೂ ಮಿತಿ ಬೇಕು. ಕ್ಯಾಲಿಫೋರ್ನಿಯಾದಲ್ಲಿ 1986ರಿಂದೀಚೆಗೆ ತಯಾರಾದ ಆಫ್‌ರೋಡ್ ಬೈಕುಗಳಿಗೆ 96 ಡೆಸಿಬಲ್ ಗಡಿ. ಹೊಗೆಕೊಳವೆಯ ತುದಿಯಿಂದ 50 ಸೆಂಟಿಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಲ್ಲಿ ಮೀಟರ್ ಹಿಡಿದು ಅಳೆಯುತ್ತಾರೆ. ಗೇಟಿನ ಬಳಿ ಒಬ್ಬ ಸಿಬ್ಬಂದಿ ಮಾಡಬಹುದಾದ ಕೆಲಸ ಅದು. ಸೈಲೆನ್ಸರ್ ಕೊರೆಸಿ ಅಬ್ಬರಿಸಿಕೊಂಡು ಬರುವ ಒಬ್ಬನಿಂದಾಗಿ, ಮೌನವನ್ನು ಹುಡುಕಿ ಬಂದ ಚಾರಣಿಗರೆಲ್ಲ ನಮ್ಮ ವಿರುದ್ಧ ಅರ್ಜಿಗೆ ಸಹಿ ಹಾಕುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದು. ಎಲೆಕ್ಟ್ರಿಕ್ ಬೈಕುಗಳಿಂದ ಸದ್ದಿನ ತೊಂದರೆ ಬಗೆಹರಿದೀತು. ಮಣ್ಣಿನದು ಅವುಗಳಿಂದಲೂ ಬಗೆಹರಿಯುವುದಿಲ್ಲ ಎಂಬುದನ್ನು ಈಗಲೇ ಗಮನದಲ್ಲಿಟ್ಟು ನಿಯಮ ಮಾಡಿದರೆ ಒಳ್ಳೆಯದು.

ಹಣವಿಲ್ಲ ಎಂಬ ಉತ್ತರ ಬರಬಹುದು. ಸವಾರರಿಂದಲೇ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾ 1971ರಲ್ಲೇ ಕಾನೂನು ಮಾಡಿ ಆಫ್‌ರೋಡ್ ವಾಹನಗಳ ನೋಂದಣಿ ಶುಲ್ಕ ಹಾಗೂ ಇಂಧನ ತೆರಿಗೆಯ ಒಂದು ಪಾಲನ್ನು ಈ ಹಾದಿಗಳಿಗೆಂದು ಎತ್ತಿಟ್ಟಿತು. ಹಾದಿ ದುರಸ್ತಿ, ಹಾಳಾದ ನೆಲದ ಪುನಶ್ಚೇತನ, ಕಾವಲು ಎಲ್ಲಕ್ಕೂ ಆ ನಿಧಿಯಿದೆ. ವೆಸ್ಟ್ ವರ್ಜೀನಿಯಾದ ಹ್ಯಾಟ್‌ಫೀಲ್ಡ್-ಮೆಕಾಯ್ ಹಾದಿಗಳಲ್ಲಿ ಪ್ರತಿ ಸವಾರನೂ ಪರವಾನಗಿ ಕೊಳ್ಳಬೇಕು, ಹೆಲ್ಮೆಟ್ ಕಡ್ಡಾಯ. ಶುಲ್ಕ ಕೊಟ್ಟವನಿಗೆ ಹಾದಿ ತನ್ನದೆಂಬ ಕಾಳಜಿ ಬರುತ್ತದೆ, ಇಲಾಖೆಗೆ ಅವನ ಹೆಸರು, ವಿಳಾಸ, ಗಾಡಿಯ ಸಂಖ್ಯೆ ಸಿಗುತ್ತದೆ. ಒಂದೇ ಷರತ್ತು: ಆ ದುಡ್ಡು ಬೇರೆ ಖಾತೆಗೆ ಹರಿದುಹೋಗಬಾರದು.

ಈ ಚರ್ಚೆಯಲ್ಲಿ ಯಾರೂ ನೆನೆಯದ ಕೆಲವರಿದ್ದಾರೆ. ಮಂಡಿ ಸವೆದ ಹಿರಿಯರು, ನಡೆಯಲಾಗದ ಅಂಗವಿಕಲರು ಸಾರ್ವಜನಿಕ ಕಾಡಿನ ಒಳಗನ್ನು ನೋಡಬೇಕಾದರೆ ವಾಹನವೇ ಗತಿ. ಎಲ್ಲ ಹಾದಿಗಳೂ ಅವರಿಗೆ ಬೇಕಿಲ್ಲ. ಒಂದಾದರೂ ಬೇಕು. ಹಾಗೆಯೇ, ಕಾಡಂಚಿನಲ್ಲಿ ಬದುಕುವ ಜನ ದಿನವೂ ಬಳಸುವ ಹಾದಿಗೂ ನಮ್ಮಂಥ ವಿಹಾರದ ಸವಾರರ ಹಾದಿಗೂ ಒಂದೇ ಬೀಗ ಹಾಕುವುದು ಅನ್ಯಾಯ.

ಮಾನ್ಯರೇ, ಮುಂದಿನ ಮಳೆಗಾಲಕ್ಕೆ ಮೊದಲು ತಾವು ಮಾಡಬಹುದಾದ ಕೆಲಸವೊಂದಿದೆ. ಈಗ ಮುಚ್ಚಿರುವ ಹಾದಿಗಳ ಪೂರ್ತಿ ಪಟ್ಟಿಯನ್ನು ಪ್ರಕಟಿಸಿ. ಪ್ರತಿ ಹಾದಿಯ ಎದುರು ಮುಚ್ಚಿದ ಕಾರಣ, ಗಡಿ, ಮರುಪರಿಶೀಲನೆಯ ದಿನಾಂಕ ಇರಲಿ. ಕಾರಣ ತೋರಿಸಲಾಗದ ಆದೇಶವಿದ್ದರೆ ಅಧಿಕಾರಿಗಳು ಸ್ಥಳಕ್ಕೆ ಹೋಗಿ ನೋಡಿ, ಒಂದೋ ಕಾರಣ ಬರೆಯಲಿ, ಇಲ್ಲವೇ ಬೀಗ ತೆಗೆಯಲಿ. ಶಾಶ್ವತವಾಗಿ ಮುಚ್ಚಬೇಕಾದದ್ದನ್ನು ಶಾಶ್ವತ ಎಂದೇ ಬರೆದು, ಹಾದಿಯನ್ನು ಅಗೆದು ಗಿಡ ನೆಟ್ಟು ಕಾಡಿಗೆ ಬಿಟ್ಟುಕೊಡಿ. ಗುದ್ದಲಿ, ಪಿಕಾಸಿ ಹಿಡಿದು ಆ ಕೆಲಸಕ್ಕೆ ಬರುವ ಸವಾರರಿದ್ದಾರೆ. ಅವರಿಗೆ ಇಲಾಖೆಯ ಲಿಖಿತ ಅನುಮತಿ ಬೇಕು. ಪಟ್ಟಿ ಸಿದ್ಧವಾದ ಮೇಲೆ ಅರಣ್ಯ ಸಿಬ್ಬಂದಿ, ಚಾರಣಿಗರು, ಕಾಡಂಚಿನ ನಿವಾಸಿಗಳು, ಸವಾರರು ಎಲ್ಲರನ್ನೂ ಕರೆದು ಒಂದು ಬಹಿರಂಗ ಸಭೆ ನಡೆಸಿ, ನಕ್ಷೆಯ ಕರಡನ್ನು ಮೇಜಿನ ಮೇಲೆ ಇಡಿ. ಸಭೆಯ ದಿನಾಂಕವನ್ನು ತಿಂಗಳು ಮುಂಚಿತವಾಗಿ ತಿಳಿಸಿದರೆ ದೂರದವರೂ ಬರಲು ಅನುಕೂಲವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಕಾಡುಹಾದಿಯ ಒಬ್ಬ ಸವಾರ