ಉತ್ತರ ಕೆನಡಾ ಕೇಂದ್ರಾಡಳಿತ ಪ್ರದೇಶವಲ್ಲ

ಮಾನ್ಯರೇ,

ಕೆನಡಾ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಹತ್ತು ಪ್ರಾಂತ್ಯಗಳ ವಿಚಾರ ಚೆನ್ನಾಗಿತ್ತು. ಆದರೆ ಯೂಕಾನ್, ನಾರ್ತ್‌ವೆಸ್ಟ್ ಟೆರಿಟರೀಸ್, ನುನಾವುಟ್ ಮೂರನ್ನೂ ‘ನಮ್ಮ ಕೇಂದ್ರಾಡಳಿತ ಪ್ರದೇಶಗಳ ಹಾಗೆ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಶಿರಸಿಯಿಂದ ಬಂದು ಇಲ್ಲಿ ನಾರ್ತ್‌ವೆಸ್ಟ್ ಟೆರಿಟರೀಸ್‌ನ ರಾಜಧಾನಿ ಯಲ್ಲೋನೈಫ್‌ನ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಸುಮ್ನಿರಲು ಆಗಲಿಲ್ಲ.

ಬರೀ ಕಾನೂನು ನೋಡಿದರೆ ನೀವು ಹೇಳಿದ್ದರಲ್ಲಿ ಹುರುಳಿದೆ. ಪ್ರಾಂತ್ಯಗಳ ಅಧಿಕಾರ 1867ರ ಸಂವಿಧಾನ ಕಾಯ್ದೆಯಲ್ಲೇ ಇದೆ. ಒಟ್ಟಾವಾದ ಕೇಂದ್ರ ಸರ್ಕಾರ ತನ್ನ ಪಾಡಿಗೆ ಅದನ್ನು ಕಿತ್ತುಕೊಳ್ಳುವಂತಿಲ್ಲ. ನಮ್ಮ ಟೆರಿಟರಿಯ ಸರ್ಕಾರ ಹಾಗಲ್ಲ, ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ್ದು. 1999ರ ಏಪ್ರಿಲ್ 1ರಂದು ನಮ್ಮ ಪೂರ್ವ ಭಾಗ ಬೇರೆಯಾಗಿ ನುನಾವುಟ್ ಆದದ್ದೂ ಸಂಸತ್ತಿನ ಕಾಯ್ದೆಯಿಂದಲೇ. ಪಾಲಾದ ಮೇಲೂ 2012ರವರೆಗೆ ಅವರು ನಮ್ಮ ಹಿಮಕರಡಿ ಆಕಾರದ ನಂಬರ್ ಪ್ಲೇಟನ್ನು ಬಿಟ್ಟುಕೊಡಲಿಲ್ಲ, ಅದು ಬೇರೆ ಮಾತು!

ಆದರೆ ದಿನನಿತ್ಯದ ಆಡಳಿತ ನೋಡಿ. ಒಟ್ಟಾವಾ ನೇಮಿಸುವ ಕಮಿಷನರ್ ಒಬ್ಬರಿದ್ದಾರೆ, ನಿಜ. ಇಲ್ಲಿನ ಮಂತ್ರಿಮಂಡಲ ಹೇಳಿದ್ದಕ್ಕೆ ಅವರು ಸಹಿ ಹಾಕುತ್ತಾರೆ. ದೆಹಲಿಯಲ್ಲಿ ಲೆಫ್ಟಿನೆಂಟ್ ಗವರ್ನರ್‌ಗೂ ಚುನಾಯಿತ ಸರ್ಕಾರಕ್ಕೂ ನಡೆದ ಹಗ್ಗಜಗ್ಗಾಟ ಇಲ್ಲಿಲ್ಲ. ಶಾಲೆ, ಆಸ್ಪತ್ರೆ, ಹೆದ್ದಾರಿ ಎಲ್ಲವೂ ಇದೇ ಊರಿನ ವಿಧಾನಸಭೆಯ ಜವಾಬ್ದಾರಿ.

ಆ ವಿಧಾನಸಭೆಯ ಬಗ್ಗೆ ನೀವು ಒಂದು ಮಾತೂ ಬರೆಯಲಿಲ್ಲವಲ್ಲ! ದುಂಡನೆಯ ಸಭಾಂಗಣ, ನಡುವೆ ನೆಲದ ಮೇಲೆ ಹಿಮಕರಡಿಯ ಚರ್ಮ. ಅಧಿಕೃತ ಭಾಷೆಗಳು 11. ಸದಸ್ಯರು 19, ಪಕ್ಷ ಮಾತ್ರ ಒಂದೂ ಇಲ್ಲ. ಗೆದ್ದವರೇ ಸೇರಿ ಗುಪ್ತ ಮತದಾನದಲ್ಲಿ ಪ್ರೀಮಿಯರನ್ನೂ (ಭಾರತದ ಮುಖ್ಯಮಂತ್ರಿ ಇದ್ದ ಹಾಗೆ) ಆರು ಮಂತ್ರಿಗಳನ್ನೂ ಆರಿಸುತ್ತಾರೆ. 2023ರ ಡಿಸೆಂಬರಿನಲ್ಲಿ ಆರ್.ಜೆ. ಸಿಂಪ್ಸನ್ ಪ್ರೀಮಿಯರ್ ಆದದ್ದು ಹೀಗೆ. ಸ್ಪೀಕರ್ ಒಬ್ಬರನ್ನು ಕಳೆದರೆ ಮಂತ್ರಿಮಂಡಲದ ಹೊರಗೆ ಉಳಿಯುವವರು 11 ಜನ. ಅಂದರೆ ಮಂತ್ರಿಮಂಡಲಕ್ಕೆ ಸದನದಲ್ಲಿ ಯಾವತ್ತೂ ಬಹುಮತ ಇರುವುದಿಲ್ಲ. ಬಜೆಟ್ ಪಾಸಾಗಬೇಕಾದರೆ ಅವರಲ್ಲಿ ಕೆಲವರನ್ನಾದರೂ ಒಪ್ಪಿಸಬೇಕು. ವಿಪ್ ಇಲ್ಲ, ರೆಸಾರ್ಟೂ ಇಲ್ಲ. ಕೆಲಸ ನಿಧಾನ ಅಂತ ಇಲ್ಲಿಯವರೇ ಗೊಣಗುತ್ತಾರೆ, ನಾನೂ ಗೊಣಗಿದ್ದೇನೆ. ನುನಾವುಟ್‌ನಲ್ಲೂ ಇದೇ ಪದ್ಧತಿ. ಯೂಕಾನ್‌ನಲ್ಲಿ ಪಕ್ಷಗಳಿವೆ.

ಕೇಂದ್ರದ ಹಿಡಿತ ಎಲ್ಲಿದೆ ಅಂದರೆ ದುಡ್ಡಿನಲ್ಲಿ. ಪ್ರಾಂತ್ಯಗಳಿಗೆ ತಮ್ಮ ನೆಲದ ಖನಿಜ ತಮ್ಮದೇ. ನಮ್ಮಲ್ಲಿ ಎಕಾಟಿ, ಡಯಾವಿಕ್‌ನಂಥ ವಜ್ರದ ಗಣಿಗಳು ಆಗಲೇ ಇದ್ದರೂ ಭೂಮಿ, ಖನಿಜದ ಅಧಿಕಾರ ಕೈಗೆ ಬಂದದ್ದು 2014ರಲ್ಲಿ. ಯೂಕಾನ್‌ಗೆ 2003ರಲ್ಲೇ ಸಿಕ್ಕಿತ್ತು. ನುನಾವುಟ್‌ಗೆ ಇದೇ ಅಧಿಕಾರ ಕೊಡುವ ಒಪ್ಪಂದಕ್ಕೆ ಸಹಿ ಬಿದ್ದದ್ದು 2024ರಲ್ಲಿ. ಈಗಲೂ ನಮ್ಮ ಬಜೆಟ್ಟಿಗೆ ಅರ್ಧಕ್ಕಿಂತ ಜಾಸ್ತಿ ಹಣ ಒಟ್ಟಾವಾದಿಂದಲೇ ಬರಬೇಕು. ನಿಮ್ಮ ಬರಹಗಾರರು ಇದರ ಬಗ್ಗೆಯೇ ಇನ್ನೊಂದು ಭಾನುವಾರ ಬರೆಯಲಿ.

— ಶಿರಸಿ ಮೂಲದ ಓದುಗಾರ್ತಿ, ಯಲ್ಲೋನೈಫ್, ಕೆನಡಾ