ಮಗು ಬಾಯಿಬಿಟ್ಟ ಮೊದಲ ದಿನ

ಮಾನ್ಯ ಸಂಪಾದಕರೇ,

ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಪ್ರಕರಣ ವರದಿಯಾದಾಗಲೆಲ್ಲ ‘ಆ ಮಗು ಇಷ್ಟು ದಿನ ಯಾಕೆ ಸುಮ್ಮನಿತ್ತು?’ ಎನ್ನುವವರೇ ಹೆಚ್ಚು. ಎಷ್ಟೋ ಮಕ್ಕಳು ಸುಮ್ಮನಿರುವುದಿಲ್ಲ. ‘ಮಾವನ ಮನೆಗೆ ಬರಲ್ಲ’, ‘ಟ್ಯೂಷನ್ ಬೇಡ’, ‘ಉಚ್ಚೆ ಉರಿಯುತ್ತೆ’ ಎನ್ನುತ್ತವೆ. ನಾವು ಹಟ, ಸೋಮಾರಿತನ, ಉಷ್ಣ ಎಂದುಕೊಳ್ಳುತ್ತೇವೆ.

ಕೊನೆಗೊಮ್ಮೆ ಬಿಡಿಸಿ ಹೇಳಿದಾಗ ಮನೆಯಲ್ಲಿ ವಿಚಾರಣೆ ಶುರುವಾಗುತ್ತದೆ. ಅಮ್ಮ ಒಮ್ಮೆ, ಅಪ್ಪ ಒಮ್ಮೆ, ದೊಡ್ಡಮ್ಮ ಬಂದು ಮತ್ತೊಮ್ಮೆ. ನಾಲ್ಕನೇ ಸಲಕ್ಕೆ ಮಗು ದೊಡ್ಡವರ ಮುಖ ನೋಡಿ ‘ಏನೂ ಆಗಿಲ್ಲ’ ಎಂದುಬಿಡುತ್ತದೆ. ನಾಳೆ ಕೋರ್ಟಿನ ಪಾಟೀಸವಾಲಿನಲ್ಲಿ ಅದೇ ಮಾತು ಅದಕ್ಕೆ ತಿರುಗುಬಾಣ. ‘ಏನಾಯ್ತು, ಹೇಳು’ ಎಂದಷ್ಟೇ ಕೇಳಬೇಕು. ‘ಮಾವ ಹೀಗೆ ಮುಟ್ಟಿದ್ನಾ?’ ಎಂದು ಉತ್ತರವನ್ನು ಬಾಯಿಗಿಡಬಾರದು. ಕೇಳಿದ್ದನ್ನು ಮಗುವಿನ ಪದಗಳಲ್ಲೇ ದಿನಾಂಕ, ಸಮಯ ಹಾಕಿ ಬರೆದಿಡಿ. ‘ತಪ್ಪು ನಿನ್ನದಲ್ಲ’ ಎನ್ನಿ. ‘ಯಾರಿಗೂ ಹೇಳಲ್ಲ’ ಎಂದು ಮಾತ್ರ ಮಾತು ಕೊಡಬೇಡಿ. ಪೋಕ್ಸೊ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು. ಹಿರಿಯರು ಕೂತು ರಾಜಿ ಮಾಡಿಸಲು ಅವಕಾಶವಿಲ್ಲ.

ಇನ್ನೊಂದು ಅನಾಹುತ ಬಚ್ಚಲಲ್ಲಿ ಆಗುತ್ತದೆ. ಗಾಬರಿಗೆ ಸ್ನಾನ ಮಾಡಿಸಿ, ಬಟ್ಟೆ ಒಗೆದುಬಿಡುತ್ತಾರೆ. ಒಂದೆರಡು ದಿನದೊಳಗಿನ ಘಟನೆಯಾದರೆ ಬಟ್ಟೆಯನ್ನು ಹಾಗೇ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ತೇವ ನಿಂತು, ಬೂಷ್ಟು ಹಿಡಿದು ಸಾಕ್ಷ್ಯ ಕೆಡುತ್ತದೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಎಫ್‌ಐಆರ್ ಇಲ್ಲವೆಂದು ಆಸ್ಪತ್ರೆಯವರು ವಾಪಸ್ ಕಳಿಸುವಂತಿಲ್ಲ. ಖಾಸಗಿ ಆಸ್ಪತ್ರೆಯೂ ಮೊದಲ ಚಿಕಿತ್ಸೆಯನ್ನು ಉಚಿತವಾಗಿ ಕೊಡಬೇಕು. ಗಂಡುಮಗುವಿಗೂ ಇದೇ ಕಾನೂನು. ‘ಹುಡುಗ ತಾನೇ’ ಎಂದು ಬಿಡುವವರು ಈಗಲೂ ಇದ್ದಾರೆ.

ಹೇಳಿಕೆಗೆ ಮಗುವನ್ನು ಠಾಣೆಗೆ ಕರೆದೊಯ್ಯಬೇಕಿಲ್ಲ. ಪೊಲೀಸರು ಸಮವಸ್ತ್ರವಿಲ್ಲದೆ ಮನೆಗೇ ಬಂದು ಬರೆದುಕೊಳ್ಳಬೇಕು. ಆರೋಪಿ ಮನೆಯವನೇ ಆದರೆ ಮಗುವನ್ನು ಅಜ್ಜಿಯ ಊರಿಗೆ ಸಾಗಿಸುವುದು ನಮ್ಮಲ್ಲಿ ರೂಢಿ. ಶಾಲೆ, ಗೆಳೆಯರು, ಮಲಗುವ ಜಾಗ ಎಲ್ಲ ಒಟ್ಟಿಗೆ ಹೋಗುತ್ತವೆ. ಬಾಯಿಬಿಟ್ಟಿದ್ದಕ್ಕೆ ಶಿಕ್ಷೆ ಎಂದೇ ಮಗು ತಿಳಿಯುತ್ತದೆ. ಇಂಥಲ್ಲಿ 24 ಗಂಟೆಯೊಳಗೆ ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಗಬೇಕು. ಮಗು ಎಲ್ಲಿರಬೇಕೆಂಬುದನ್ನು ಸಮಿತಿ ಮಗುವಿನ ಇಷ್ಟವನ್ನೂ ಕೇಳಿ ನೋಡುತ್ತದೆ, ಜೊತೆಗಿರಲು ಬೆಂಬಲ ವ್ಯಕ್ತಿಯನ್ನೂ ನೇಮಿಸುತ್ತದೆ. ಎಷ್ಟೋ ಪೋಷಕರಿಗೆ ಇದು ಗೊತ್ತೇ ಇಲ್ಲ. ನೀವೇ ಕೇಳಿ ಪಡೆಯಿರಿ.

ಹೇಳಿದ ಮೇಲೆ ಕೆಲವು ಮಕ್ಕಳಲ್ಲಿ ಹಾಸಿಗೆ ಒದ್ದೆ ಮಾಡುವುದು, ರಾತ್ರಿ ಬೆಚ್ಚಿ ಏಳುವುದು ಹೆಚ್ಚಾಗುತ್ತದೆ. ಹೆದರಿ ಸಮಾಲೋಚನೆ ನಿಲ್ಲಿಸಬೇಡಿ. ಒಂದೆರಡು ಭೇಟಿಗೆ ಮುಗಿಯುವ ಕೆಲಸವಲ್ಲ. ‘ಮರೆತುಬಿಡು’ ಎನ್ನುವುದಕ್ಕಿಂತ ಊಟ, ನಿದ್ದೆ, ಶಾಲೆಯ ಹೊತ್ತು ತಪ್ಪದಂತೆ ನೋಡಿಕೊಳ್ಳುವುದು ಮೇಲು.

ಮೂವತ್ತು, ನಲವತ್ತು ವರ್ಷವಾದ ಮೇಲೆ ಬಾಯಿಬಿಡುವವರೂ ಇದ್ದಾರೆ. ಪೋಕ್ಸೊ ದೂರಿಗೆ ಕಾಲಮಿತಿಯಿಲ್ಲ. ಆದರೆ ಆ ಕಾಯ್ದೆ ಜಾರಿಗೆ ಬಂದ 2012ರ ನವೆಂಬರ್ 14ಕ್ಕೂ ಹಿಂದಿನ ಕೃತ್ಯಕ್ಕೆ ಹಳೆಯ ಭಾರತೀಯ ದಂಡಸಂಹಿತೆಯೇ (ಐಪಿಸಿ) ಅನ್ವಯ, ವಕೀಲರನ್ನು ಕೇಳಿ. ದೂರು ಕೊಡದೆಯೂ ನೆರವು ಪಡೆಯಬಹುದು: ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ, ಉಚಿತ.

ಕಡೆಯದಾಗಿ, ಸಂಪಾದಕರೇ, ನಿಮ್ಮಲ್ಲೇ ಒಂದು ವಿನಂತಿ. ಹೆಸರು ಬಿಟ್ಟು ಊರು, ಶಾಲೆ, ‘ಸ್ವಂತ ಚಿಕ್ಕಪ್ಪ’ ಎಂದು ಅಚ್ಚಾದರೆ ಊರಿಗೆಲ್ಲ ಮಗು ಯಾರೆಂದು ತಿಳಿಯುತ್ತದೆ. ಪೋಕ್ಸೊ 23ನೇ ಸೆಕ್ಷನ್ ಇದನ್ನೂ ನಿಷೇಧಿಸಿದೆ. ಆ ಜಾಗದಲ್ಲಿ ಮಕ್ಕಳ ಸಹಾಯವಾಣಿ 1098 ಅಚ್ಚಾಗಲಿ.

ಇತಿ,
ಮಕ್ಕಳ ಆಪ್ತಸಮಾಲೋಚಕಿ